ಹಳೇ ಮಿಲಿಟರಿ ಗಾಡಿಗೆ ಕನೆಕ್ಟರ್, ಪವರ್ ಕೇಬಲ್ ಹುಡುಕೋದು ಹೇಗೆ

ಸೇನೆ ಬಳಸಿ ಮಾರಿದ ಡಿಸ್ಪೋಸಲ್ ಜೀಪಿಗೆ ಇಂಜಿನ್ ಪಾರ್ಟ್ಸ್ ಹೇಗೋ ಸಿಗುತ್ತವೆ. ಸತಾಯಿಸುವುದು ಕನೆಕ್ಟರ್‌ಗಳು, ಅಂದರೆ ವೈರ್‌ಗಳನ್ನು ಜೋಡಿಸುವ ಪ್ಲಗ್, ಸಾಕೆಟ್‌ಗಳು. ಗಾಡಿ ಪಾರ್ಟ್ಸ್ ಮಾರುವ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ "ವಿಲ್ಲೀಸ್ ಜೀಪಿಗೆ ಪ್ಲಗ್ ಇದೆಯಾ" ಅಂತ ಅಂಗಡಿ ಅಂಗಡಿ ಸುತ್ತಿದರೆ ಬರುವ ಉತ್ತರ "ಇಲ್ಲ ಸಾರ್" ಅನ್ನುವುದೇ ಜಾಸ್ತಿ. ಇಂಥ ಎಷ್ಟೋ ಪ್ಲಗ್‌ಗಳನ್ನು ಒಂದೇ ಗಾಡಿಗೆ ಅಂತ ಮಾಡಿದ್ದೇ ಅಲ್ಲ. ಸೇನೆಯವರು ಒಂದು ಮಾದರಿ ಗೊತ್ತು ಮಾಡಿಕೊಂಡು ಅದನ್ನೇ ಗಾಡಿ, ರೇಡಿಯೋ, ವಿಮಾನ ಅಂತ ಎಲ್ಲ ಕಡೆ ಹಾಕಿದರು. ಹಾಗಾಗಿ ಗಾಡಿಯ ಹೆಸರು ಬಿಡಿ, ಕನೆಕ್ಟರ್‌ನ ನಂಬರ್ ಹಿಡಿದು ಹುಡುಕಿ.

ಅದಕ್ಕೂ ಮೊದಲು ವೋಲ್ಟೇಜ್ ನೋಡಿಕೊಳ್ಳಿ. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ 6 ವೋಲ್ಟ್. ಅದರ ನಂತರ ಬಂದ ಎಂ38 ಜೀಪು ನೋಡಲು ಹೆಚ್ಚು ಕಡಿಮೆ ಹಾಗೇ ಇದ್ದರೂ 24 ವೋಲ್ಟ್. ಬ್ರಿಟಿಷ್ ಸೇನೆಯ ಲ್ಯಾಂಡ್ ರೋವರ್‌ನಲ್ಲಿ ಸಾಮಾನ್ಯ ಗಾಡಿ 12, ರೇಡಿಯೋಗೆ ಅಂತ ತಯಾರಾದ ಎಫ್‌ಎಫ್‌ಆರ್ ಗಾಡಿ 24. ನಮ್ಮಲ್ಲಿ ಕೈಯಿಂದ ಕೈಗೆ ಬಂದ ಗಾಡಿಗಳಲ್ಲಿ ಯಾರೋ ಯಾವಾಗಲೋ 12ಕ್ಕೆ ಬದಲಾಯಿಸಿರುವುದೂ ಇದೆ. ಬ್ಯಾಟರಿ ನೋಡಿ ತೀರ್ಮಾನ ಮಾಡಬೇಡಿ. ಡೈನಮೋ, ಸೆಲ್ಫ್ ಮೋಟರ್ ಮೇಲಿನ ಪ್ಲೇಟ್ ಒರೆಸಿ ಓದಿ.

ಈಗ ನಂಬರ್ ವಿಷಯ. ದುಂಡಗಿನ, ಲೋಹದ ಮೈಯ, ಮರೆ (ಥ್ರೆಡ್) ತಿರುಗಿಸಿ ಬಿಗಿಯುವ ಕನೆಕ್ಟರ್ ಇದ್ದರೆ ಅದರ ಮೈಮೇಲೆ ಸಣ್ಣ ಅಕ್ಷರದಲ್ಲಿ "ಎಂಎಸ್ 3106ಎ 18-1ಎಸ್" ಎಂಬಂಥದ್ದು ಇರುತ್ತದೆ. ಯುದ್ಧಕಾಲದ್ದಾದರೆ ಎಂಎಸ್ ಬದಲು "ಎಎನ್". 3106 ಅಂದರೆ ಕೇಬಲ್ ತುದಿಯ ನೇರ ಪ್ಲಗ್, 3102 ಅಂದರೆ ಡಬ್ಬಕ್ಕೆ ಕೂರಿಸುವ ಸಾಕೆಟ್. ಮುಂದಿನ 18 ಅಳತೆ, ಇಂಚಿನ ಹದಿನಾರನೇ ಭಾಗದ ಲೆಕ್ಕದಲ್ಲಿ: 18/16 ಇಂಚು, ಅಂದರೆ ಮರೆಯ ವ್ಯಾಸ ಸುಮಾರು 28.6 ಮಿ.ಮೀ. ಅಕ್ಷರ ಅಳಿಸಿ ಹೋಗಿದ್ದರೆ ವರ್ನಿಯರ್ ಹಿಡಿದು ಅಳೆದರೆ ಅಷ್ಟು ಗೊತ್ತಾಗುತ್ತದೆ. ಆಮೇಲಿನ 1 ಪಿನ್‌ಗಳ ಎಣಿಕೆಯಲ್ಲ, ಜೋಡಣೆಯ ನಂಬರ್. 18-1ರಲ್ಲಿ ಇರುವುದು 10 ಪಿನ್. ಕೊನೆಯ ಎಸ್ ಅಂದರೆ ಒಳಗೆ ತೂತು, ಪಿ ಅಂದರೆ ಪಿನ್. ಅದರ ಹಿಂದೆ ಡಬ್ಲ್ಯೂ, ಎಕ್ಸ್, ವೈ, ಝಡ್ ಯಾವುದಾದರೂ ಇದ್ದರೆ ಒಳಗಿನ ಜೋಡಣೆಯನ್ನು ಬೇರೆ ಕೋನಕ್ಕೆ ತಿರುಗಿಸಿದ್ದಾರೆ ಅಂತ ಅರ್ಥ. ಆ ಒಂದು ಅಕ್ಷರ ಬಿಟ್ಟು ಆರ್ಡರ್ ಮಾಡಿದರೆ ಎಲ್ಲ ಸರಿಯಿದ್ದೂ ಪ್ಲಗ್ ಒಳಗೆ ಹೋಗುವುದಿಲ್ಲ.

ನನಗೆ ಬಹಳ ಖುಷಿ ಕೊಡುವ ಸಂಗತಿ ಅಂದರೆ ಈ ಮಾದರಿ ಇನ್ನೂ ಹೊಸದಾಗಿ ತಯಾರಾಗುತ್ತಿದೆ. ಸಿಎನ್‌ಸಿ ಮಷೀನ್‌ಗಳ ಸರ್ವೋ ಮೋಟರ್‌ಗೆ ಹಾಕುವುದು ಇದನ್ನೇ. ಅದಕ್ಕೇ ಬೆಂಗಳೂರಿನವರು ಜೆ.ಸಿ. ರೋಡ್ ಬಿಟ್ಟು ಎಲೆಕ್ಟ್ರಾನಿಕ್ಸ್ ಸಾಮಾನಿನ ಎಸ್.ಪಿ. ರೋಡ್‌ಗೆ ಹೋಗಿ, ಇಲ್ಲವೇ ಪೀಣ್ಯ ಕಡೆ ಇಂಡಸ್ಟ್ರಿಯಲ್ ಕನೆಕ್ಟರ್ ಮಾರುವವರ ಹತ್ತಿರ ನಂಬರ್ ಹೇಳಿ ಕೇಳಿ. ಜೀಪ್ ಅನ್ನುವ ಮಾತೇ ಎತ್ತಬೇಡಿ.

ನಂಬರ್‌ನಲ್ಲಿ ಇನ್ನೊಂದು ಬಗೆ 13 ಅಂಕಿಯ ನೇಟೋ ಸ್ಟಾಕ್ ನಂಬರ್. ಮೊದಲ ನಾಲ್ಕು 5935 ಇದ್ದರೆ ಅದು ಕನೆಕ್ಟರ್. ನಂತರದ ಎರಡು ಅಂಕಿ ದೇಶ: 99 ಬ್ರಿಟನ್, 00 ಅಥವಾ 01 ಅಮೆರಿಕ. ಈ ನಂಬರ್ ಹಾಕಿ ಹುಡುಕಿದರೆ ಇಂಗ್ಲೆಂಡ್, ಅಮೆರಿಕದ ಸರ್ಪ್ಲಸ್ ಅಂಗಡಿಗಳ ಮಾಲು ನೇರವಾಗಿ ಕಾಣುತ್ತದೆ.

ಎಂ38ನ ನಂತರದ ಅಮೆರಿಕನ್ ಗಾಡಿಗಳಲ್ಲಿ ಲೈಟು, ಗೇಜುಗಳಿಗೆ ರಬ್ಬರ್ ಮೈಯ ಪ್ಯಾಕಾರ್ಡ್ ಕನೆಕ್ಟರ್ ಬರುತ್ತದೆ. ಒಂದೊಂದು ವೈರಿನ ಮೇಲೂ ಲೋಹದ ಪಟ್ಟಿ, ಅದರ ಮೇಲೆ ನಂಬರ್. 17 ಹೆಡ್‌ಲೈಟ್ ಹೈ ಬೀಮ್, 18 ಲೋ ಬೀಮ್. ಹಳೇ ವೈರ್ ಕತ್ತರಿಸಿದರೂ ಆ ಪಟ್ಟಿಯನ್ನು ಮಾತ್ರ ಎಸೆಯಬೇಡಿ. ಹೊಸದು ಹಾಕುವಾಗ ಮೊದಲು ರಬ್ಬರ್ ಶೆಲ್ ಅನ್ನು ವೈರಿಗೆ ಪೋಣಿಸಿ, ಆಮೇಲೆ ಟರ್ಮಿನಲ್ ಕ್ರಿಂಪ್ ಮಾಡಿ (ಒತ್ತಿ ಬಿಗಿದು), ಅದರ ಹಿಂದೆ ಸೀಳು ವಾಷರ್ ಕೂರಿಸಿ, ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ ಶೆಲ್ ಎಳೆದುಕೊಳ್ಳಿ. ಗ್ರೀಸ್ ಇಲ್ಲದೆ ಎಳೆದರೆ ರಬ್ಬರ್ ಹರಿಯುತ್ತದೆ.

ಬ್ರಿಟಿಷ್ ಗಾಡಿಗಳಲ್ಲಿ ಲ್ಯೂಕಾಸ್ ಬುಲೆಟ್, ಅಂದರೆ ಗುಂಡಿನ ಆಕಾರದ ವೈರ್ ತುದಿ, 4.7 ಮಿ.ಮೀ. ನಮ್ಮ ಬೈಕ್ ಅಂಗಡಿಯಲ್ಲಿ ಸಿಗುವ ಜಪಾನೀ ಅಳತೆಯ ಬುಲೆಟ್ 4 ಮಿ.ಮೀ.ಗೂ ತುಸು ಕಡಿಮೆ. ನೋಡಲು ಒಂದೇ ಥರ, ಸ್ಲೀವ್‌ಗೆ ಹಾಕಿದರೆ ಲೊಡಲೊಡ. ಹಳೇ ಎನ್‌ಫೀಲ್ಡ್ ಪಾರ್ಟ್ಸ್ ಇಟ್ಟವರಲ್ಲಿ ವಿಚಾರಿಸಿ.

ಇನ್ನು ದಪ್ಪ ಕೇಬಲ್. 24 ವೋಲ್ಟ್ ಗಾಡಿಯಿಂದ ಗಾಡಿಗೆ ಸ್ಟಾರ್ಟ್ ಕೊಡುವ ನೇಟೋ ಸ್ಲೇವ್ ಸಾಕೆಟ್‌ನಲ್ಲಿ ನಡುವಿನ ಪಿನ್ ಪಾಸಿಟಿವ್, ಸುತ್ತಲಿನ ಉಂಗುರ ನೆಗೆಟಿವ್. ಹಳೇ ಅಮೆರಿಕನ್ ಸಾಕೆಟ್‌ನಲ್ಲಿ ಎರಡು ಪಿನ್ ಅಕ್ಕಪಕ್ಕ ಇರುತ್ತವೆ; ಅದಕ್ಕೆ ಅಡಾಪ್ಟರ್ ಸಿಗುತ್ತದೆ. ಪೂರ್ತಿ ಕೇಬಲ್ ತರಿಸಿದರೆ ಭಾರಕ್ಕೇ ದುಡ್ಡು ಹೋಗುತ್ತದೆ. ಪ್ಲಗ್ ಮಾತ್ರ ತರಿಸಿ, ಇಲ್ಲಿ 70 ಚದರ ಮಿ.ಮೀ. ತಾಮ್ರದ ವೆಲ್ಡಿಂಗ್ ಕೇಬಲ್ ಕೊಂಡು ಮಾಡಿಸಿಕೊಳ್ಳಿ. ಕೇಬಲ್ ತುದಿಯ ಥಿಂಬಲನ್ನು ಹೈಡ್ರಾಲಿಕ್ ಕ್ರಿಂಪರ್‌ನಲ್ಲೇ ಒತ್ತಿಸಿ. ಸುತ್ತಿಗೆಯಲ್ಲಿ ಕುಟ್ಟಿದ್ದು ಬಿಸಿಯಾಗುತ್ತದೆ.

6 ವೋಲ್ಟ್ ವಿಲ್ಲೀಸ್‌ಗೂ ದಪ್ಪ ಕೇಬಲ್ಲೇ ಬೇಕು, 50 ಚದರ ಮಿ.ಮೀ.ಗೆ ಕಡಿಮೆ ಬೇಡ. ವೋಲ್ಟ್ ಅರ್ಧ ಆದಾಗ ಅದೇ ಕೆಲಸಕ್ಕೆ ಕರೆಂಟ್ ದುಪ್ಪಟ್ಟು. ಕಾರಿನ ಸಣ್ಣ ಬ್ಯಾಟರಿ ಕೇಬಲ್ ಹಾಕಿ, ಸೆಲ್ಫ್ ನಿಧಾನ ಸುತ್ತುತ್ತದೆ ಅಂತ ಒಳ್ಳೇ ಮೋಟರನ್ನು ಬಿಚ್ಚಿಸುವವರನ್ನು ಕಂಡರೆ ನಿಜಕ್ಕೂ ಬೇಜಾರಾಗುತ್ತದೆ. ಬಾಡಿ ಅರ್ಥ್ ಪಟ್ಟಿಯನ್ನೂ ಹಾಗೇ ನೋಡಿ, ಬಣ್ಣ ಕೆರೆದು ಬರೀ ಲೋಹಕ್ಕೆ ಕೂರಿಸಿ.

ಗುಜರಿಯಲ್ಲೂ ಹುಡುಕಿ: ಶಿವಾಜಿನಗರ, ದೆಹಲಿಗೆ ಹೋದರೆ ಮಾಯಾಪುರಿ. ಹಾಳಾದ ಹಾರ್ನೆಸ್ (ವೈರ್‌ಗಳ ಕಟ್ಟು) ಸಿಕ್ಕರೂ ಬಿಡಬೇಡಿ, ತುದಿಯ ಕನೆಕ್ಟರ್ ಚೆನ್ನಾಗಿರಬಹುದು. ಕೊಳ್ಳುವ ಮುಂಚೆ ಪಿನ್‌ಗಳ ನಡುವಿನ ಬೇಕಲೈಟ್ ಬಿರುಕು ಬಿಟ್ಟಿದೆಯಾ ನೋಡಿ. ಬಿಟ್ಟಿದ್ದರೆ ಬೇಡ. ಹಸಿರು ಕಿಲುಬು ಕಾಂಟ್ಯಾಕ್ಟ್ ಕ್ಲೀನರ್, ಮೆತ್ತನೆಯ ಬ್ರಷ್‌ಗೆ ಹೋಗುತ್ತದೆ. ಮೈಯನ್ನು ಮಾತ್ರ ಎಮರಿ ಪೇಪರ್‌ನಲ್ಲಿ ಉಜ್ಜಬೇಡಿ: ಹಳೇ ಕನೆಕ್ಟರ್‌ಗಳಿಗೆ ಕ್ಯಾಡ್ಮಿಯಂ ಲೇಪನ ಇರುತ್ತದೆ, ಅದರ ಪುಡಿ ವಿಷ.

ಜೋಡಿಸುವಾಗ ಬ್ಯಾಟರಿ ಕಡೆಯ ಅರ್ಧಕ್ಕೆ ಯಾವಾಗಲೂ ತೂತಿರುವುದನ್ನೇ ಹಾಕಿ. ಪಿನ್ ಹಾಕಿದರೆ ಬಿಚ್ಚಿಟ್ಟಾಗ ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ಎಲ್ಲ ಮುಗಿದ ಮೇಲೆ ಬ್ಯಾಟರಿಗೆ ನೇರ ಕೊಡಬೇಡಿ. ಗಾಡಿಯ ವೋಲ್ಟೇಜಿನ ಹೆಡ್‌ಲೈಟ್ ಬಲ್ಬ್ ಒಂದನ್ನು ಸೀರೀಸ್‌ನಲ್ಲಿ ಹಾಕಿ, ಎಲ್ಲ ಸ್ವಿಚ್ ಆಫ್ ಮಾಡಿ ಕನೆಕ್ಟ್ ಮಾಡಿ. ಬಲ್ಬ್ ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ. ಪ್ಲಗ್‌ಗಳನ್ನು ಒಂದೊಂದಾಗಿ ಕಳಚುತ್ತಾ ಬನ್ನಿ, ಯಾವುದು ತೆಗೆದಾಗ ಬಲ್ಬ್ ಆರುತ್ತದೋ ಆ ಲೈನನ್ನು ಬಿಚ್ಚಿ ನೋಡಿ.