ರಾಕೆಟ್ ನೋಡಲು ಹೋಗಿ ಕಾಳಹಸ್ತಿಯಲ್ಲಿ ಉಳಿದದ್ದು

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಇದೇ ಪೀಣ್ಯದ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಹಾರಿದ್ದು ಮಾತ್ರ ರಷ್ಯಾದಿಂದ. ಬೆಂಗಳೂರಿನವರ ಪಾಡೇ ಇಷ್ಟು. ಉಪಗ್ರಹ ನಮ್ಮೂರಲ್ಲಿ ತಯಾರಾಗುತ್ತದೆ, ಅದರ ಜೊತೆ ಮಾತಾಡುವ ಆಂಟೆನಾ ನಮ್ಮೂರ ಹತ್ತಿರದ ಬ್ಯಾಲಾಳುವಿನಲ್ಲಿದೆ, ಇಸ್ರೋ ಆಫೀಸಿನ ಮುಂದೆಯೇ ನಾವು ದಿನಾ ಟ್ರಾಫಿಕ್ಕಿನಲ್ಲಿ ನಿಲ್ಲುತ್ತೇವೆ. ಆದರೆ ರಾಕೆಟ್ ಹಾರುವುದನ್ನು ನೋಡಬೇಕಾದರೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಶ್ರೀಹರಿಕೋಟಕ್ಕೇ ಹೋಗಬೇಕು.

2023ರ ಜುಲೈನಲ್ಲಿ ಚಂದ್ರಯಾನ-3 ಹಾರಿದಾಗ ನಾನು ಕ್ಯಾಂಟೀನಿನ ಟಿವಿ ಮುಂದೆ ನಿಂತಿದ್ದೆ. ಜನ ಕುಳಿತು ಉಡಾವಣೆ ನೋಡಲು ಶ್ರೀಹರಿಕೋಟದಲ್ಲಿರುವ ಗ್ಯಾಲರಿಗೆ ನೋಂದಣಿ ಮಾಡೋಣ ಎಂದು ಕುಳಿತಾಗ ಸೀಟೆಲ್ಲ ಮುಗಿದುಹೋಗಿತ್ತು. ಮುಂದಿನ ಸಲ ಬಿಡಬಾರದು ಅಂದುಕೊಂಡೆ. ಹಾಗಂತ ಒಂದೂವರೆ ವರ್ಷ ಕಳೆಯಿತು.

ಕೊನೆಗೆ ಸಿಕ್ಕಿದ್ದು ಇಸ್ರೋದ ಪಿಎಸ್‌ಎಲ್‌ವಿ-ಸಿ59 ರಾಕೆಟ್. 2024ರ ಡಿಸೆಂಬರ್ 4, ಬುಧವಾರ, ಸಂಜೆ 4 ಗಂಟೆ 8 ನಿಮಿಷಕ್ಕೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಪ್ರೋಬಾ-3 ಎಂಬ ಜೋಡಿ ಉಪಗ್ರಹ ಅದರಲ್ಲಿ ಹೋಗುವುದಿತ್ತು. ನನಗೆ ಇದು ಎರಡು ಕಾರಣಕ್ಕೆ ಹಿಡಿಸಿತು. ಒಂದು, ಹಗಲಿನ ಉಡಾವಣೆ. ರಾತ್ರಿಯದ್ದು ಚೆಂದ ಅನ್ನುತ್ತಾರೆ. ಇರಬಹುದು. ಆದರೆ ಮೊದಲ ಸಲ ಹೋಗುವವನಿಗೆ ಹೊಗೆಯ ಕಂಬ, ರಾಕೆಟ್ಟಿನ ಮೈ ಎಲ್ಲ ಕಾಣಬೇಕು ಅಲ್ವಾ? ಎರಡು, ದೊಡ್ಡ ಹೆಸರಿನ ಯಾನವಲ್ಲ. ಚಂದ್ರ, ಸೂರ್ಯ ಅಂತ ಹೆಸರಿದ್ದರೆ ಇಡೀ ದೇಶವೇ ನೋಂದಣಿಗೆ ಕೂರುತ್ತದೆ. ಇಂಥ ಯಾನಕ್ಕೆ ಪೈಪೋಟಿ ಸ್ವಲ್ಪ ಕಡಿಮೆ ಇರುತ್ತದೆ ಎನ್ನುವುದು ನನ್ನ ಲೆಕ್ಕ. ನೋಂದಣಿ ಲಿಂಕ್ ತೆರೆದ ದಿನ ಆಧಾರ್ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕುಳಿತಿದ್ದೆ. ಈ ಚೀಟಿ ಚಿಕ್ಕ ವಿಷಯವಲ್ಲ. ಹಿಂದಿನ ಸಲ ಭಾವನಿಗೆ ಫೋನ್ ಮಾಡಿ "ಆಧಾರ್ ಹೇಳಿ" ಅನ್ನುವಷ್ಟರಲ್ಲಿ ಸೀಟು ಹೋಗಿತ್ತು.

ನಾವು ನಾಲ್ವರು. ನಾನು, ಎಂಟನೇ ಕ್ಲಾಸಿನ ಮಗಳು, ಹೆಂಡತಿಯ ಅಣ್ಣ, ಪಕ್ಕದ ಮನೆಯ ರಿಟೈರ್ಡ್ ವಿಜ್ಞಾನ ಮೇಷ್ಟ್ರು. ಭಾವ ಬಂದದ್ದು ರಾಕೆಟ್ಟಿಗಲ್ಲ, ದಾರಿಯಲ್ಲಿ ತಿರುಪತಿ ಸಿಗುತ್ತದೆ ಅಂತ. ಕಾರು ಅವರದ್ದು, ಹಾಗಾಗಿ ನಾವ್ಯಾರೂ ಮಾತಾಡಲಿಲ್ಲ.

ಇಲ್ಲಿ ನನ್ನ ಮೊದಲ ತಪ್ಪು ಹೇಳಿಬಿಡುತ್ತೇನೆ. ನಾನು ಒಂದೇ ದಿನ ರಜೆ ಹಾಕಿದ್ದೆ. ಬೆಳಗಿನ ಜಾವ ಹೊರಡುವುದು, ನೋಡುವುದು, ಮಧ್ಯರಾತ್ರಿ ಮನೆ. ಚಂದ್ರಯಾನ-2ರ ಕಥೆ ನನಗೆ ಚೆನ್ನಾಗಿ ಗೊತ್ತಿತ್ತು. 2019ರ ಜುಲೈ 15ರ ನಡುರಾತ್ರಿ, ಹಾರಲು 56 ನಿಮಿಷ 24 ಸೆಕೆಂಡ್ ಇದ್ದಾಗ ಗಡಿಯಾರ ನಿಲ್ಲಿಸಿದರು. ಹಾರಿದ್ದು 22ಕ್ಕೆ. ಅಷ್ಟು ಗೊತ್ತಿದ್ದೂ ಒಂದೇ ದಿನ ರಜೆ ಹಾಕಿದೆ. ನಮಗೆ ಹಾಗಾಗಲ್ಲ ಅನ್ನುವ ಧೈರ್ಯ.

ಆ ವಾರ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿ, ಬೆಂಗಳೂರಿನಲ್ಲೂ ಜಿಟಿಜಿಟಿ ಮಳೆ ಹಿಡಿದಿತ್ತು. ಬುಧವಾರ ಬೆಳಿಗ್ಗೆ 4ಕ್ಕೆ ಹೊರಟೆವು. ಹೊಸಕೋಟೆ, ಕೋಲಾರ, ಮುಳಬಾಗಿಲು, ಆಮೇಲೆ ಪಲಮನೇರು, ಚಿತ್ತೂರು, ತಿರುಪತಿ, ಕಾಳಹಸ್ತಿ, ನಾಯ್ಡುಪೇಟೆ, ಸೂಳ್ಳೂರುಪೇಟೆ. ಮುಳಬಾಗಿಲಿನಲ್ಲಿ ದೋಸೆ ತಿನ್ನದೆ ಮುಂದೆ ಹೋಗುವುದು ನಮ್ಮ ಮನೆಯ ಪದ್ಧತಿಯಲ್ಲ. ಆದರೆ ಅಷ್ಟು ಹೊತ್ತಿಗೆ ಹೋಟೆಲ್ ಬಾಗಿಲೇ ತೆರೆದಿರಲಿಲ್ಲ. ತಂದಿದ್ದ ಚಿತ್ರಾನ್ನವೇ ಗತಿ. ಕಾರು ಇಲ್ಲದವರು ರಾತ್ರಿ ರೈಲಿನಲ್ಲಿ ಚೆನ್ನೈಗೆ ಹೋಗಿ, ಅಲ್ಲಿಂದ ಸೂಳ್ಳೂರುಪೇಟೆವರೆಗೆ ಓಡುವ ಲೋಕಲ್ ರೈಲು ಹಿಡಿಯಬಹುದು. ಅಗ್ಗ, ನಿದ್ದೆಯೂ ಆಗುತ್ತದೆ. ಮುಂದಿನ ಸಲ ನಾನು ಹಾಗೇ ಹೋಗುವವನು.

ಸೂಳ್ಳೂರುಪೇಟೆ ದಾಟಿದರೆ ಪುಲಿಕಾಟ್ ಸರೋವರ. ಅದರ ಮಧ್ಯದಲ್ಲೇ ನೇರವಾಗಿ ಶ್ರೀಹರಿಕೋಟ ದ್ವೀಪಕ್ಕೆ ರಸ್ತೆ. ಎರಡೂ ಕಡೆ ನೀರು, ಕೆಸರು, ಹಕ್ಕಿಗಳು. ಚಳಿಗಾಲದಲ್ಲಿ ಇಲ್ಲಿಗೆ ರಾಜಹಂಸಗಳು ಬರುತ್ತವೆ. ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ "ಗುಲಾಬಿ ಬಣ್ಣದ್ದು ಎಲ್ಲಿ?" ಎಂದು ಹುಡುಕಿದ್ದೇ ಹುಡುಕಿದ್ದು. ನಮಗೆ ಕಂಡದ್ದು ಬಿಳಿ ಕೊಕ್ಕರೆಗಳು ಮಾತ್ರ.

ಗ್ಯಾಲರಿ ಅಂದರೆ ಕ್ರಿಕೆಟ್ ಸ್ಟೇಡಿಯಂನಂಥ ಮೆಟ್ಟಿಲು ಸಾಲು. 2019ರಲ್ಲಿ ಸಾರ್ವಜನಿಕರಿಗೆ ತೆರೆದರು. ದೊಡ್ಡ ಪರದೆಯ ಮೇಲೆ ಎಲ್ಲ ತೋರಿಸುತ್ತಾರೆ. ಗೊಂಬೆ ರಾಕೆಟ್ಟುಗಳ ತೋಟ, ಒಂದು ಮ್ಯೂಸಿಯಂ ಇದೆ. ಮೇಷ್ಟ್ರು ನನ್ನ ಮಗಳನ್ನು ಕೂರಿಸಿಕೊಂಡು ಪ್ರೋಬಾ-3 ಏನು ಮಾಡುತ್ತದೆಂದು ಶುರು ಮಾಡಿದರು. ಸೂರ್ಯನ ಸುತ್ತ ಕರೋನಾ ಎಂಬ ಪ್ರಭೆ ಇದೆ. ಸೂರ್ಯನ ಬೆಳಕು ಜೋರಾದ್ದರಿಂದ ಅದು ಕಾಣುವುದಿಲ್ಲ, ಪೂರ್ಣ ಗ್ರಹಣದಲ್ಲಿ ಮಾತ್ರ ಕೆಲವೇ ನಿಮಿಷ ಕಾಣುತ್ತದೆ. ಈ ಜೋಡಿಯಲ್ಲಿ ಒಂದು ಉಪಗ್ರಹ ಸೂರ್ಯನಿಗೆ ಅಡ್ಡ ನಿಲ್ಲುತ್ತದೆ. ಇನ್ನೊಂದು 150 ಮೀಟರ್ ಹಿಂದೆ ಅದರ ನೆರಳಿನಲ್ಲಿ ನಿಂತು ನೋಡುತ್ತದೆ. ನಾವೇ ಮಾಡಿಕೊಂಡ ಗ್ರಹಣ. ಒಂದೊಂದು ಸುತ್ತಿನಲ್ಲಿ 6 ಗಂಟೆವರೆಗೂ ನಡೆಸಬಹುದು. ಮೇಷ್ಟ್ರು ಸ್ಟೀಲ್ ಲೋಟದ ಮುಚ್ಚಳ ಅಡ್ಡ ಹಿಡಿದು ತೋರಿಸಿದರು. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಆ 150 ಮೀಟರನ್ನು ಅವು ಒಂದು ಮಿಲಿಮೀಟರಿನಷ್ಟು ಕರಾರುವಾಕ್ಕಾಗಿ ಹಿಡಿದಿಡಬೇಕಂತೆ. ಅದೂ ಯಾವ ಸರಳೂ ಕ್ಲಾಂಪೂ ಇಲ್ಲದೆ, ಓಡುತ್ತಾ ಓಡುತ್ತಾ. ನಮ್ಮ ಶಾಪ್‌ನಲ್ಲಿ ಮೆಷಿನ್ನಿನ ಮೇಜಿಗೆ ಬಿಗಿದ ಜಾಬ್, ಅಂದರೆ ನಾವು ಕೆಲಸ ಮಾಡುವ ಲೋಹದ ತುಂಡು ಕೂಡ ಒಮ್ಮೊಮ್ಮೆ ಅಲುಗುತ್ತದೆ.

3 ಗಂಟೆ ದಾಟಿತ್ತು. ಹಾರಲು ಇನ್ನೂ ಒಂದು ಗಂಟೆಯೂ ಇರಲಿಲ್ಲ. ಆಗ ಘೋಷಣೆ ಬಂತು. ಉಪಗ್ರಹದಲ್ಲಿ ಒಂದು ದೋಷ ಕಂಡಿದೆ, ಇಂದು ಇಲ್ಲ, ನಾಳೆ 4 ಗಂಟೆ 12 ನಿಮಿಷಕ್ಕೆ. ಒಂದು ಕ್ಷಣ ಇಡೀ ಗ್ಯಾಲರಿ ಗಪ್‌ಚುಪ್. ಆಮೇಲೆ ಎಲ್ಲರೂ ಒಟ್ಟಿಗೆ ಫೋನ್ ತೆಗೆದರು. ಅಷ್ಟೇ, ಟವರ್ ಸತ್ತಿತು.

ಮುಂದೂಡುವುದು ಸರಿಯಾದ ಕೆಲಸವೇ, ಬಿಡಿ. ಮೇಲೆ ಹೋದಮೇಲೆ ಸ್ಪ್ಯಾನರ್ ಹಿಡಿದು ಹೋಗುವ ಹಾಗಿಲ್ಲ. ನಮ್ಮ ತೊಂದರೆ ಬೇರೆ. ರೂಮಿಲ್ಲ, ರಜೆ ಇಲ್ಲ, ಮಗಳಿಗೆ ಮಾರನೆ ದಿನ ಗಣಿತದ ಟೆಸ್ಟು. ಭಾವ ಮಾತ್ರ ಖುಷಿಯಾಗಿದ್ದರು. "ಸ್ವಾಮಿ ಕರೆಸಿಕೊಂಡ ನೋಡಿ" ಅಂದರು.

ಸೂಳ್ಳೂರುಪೇಟೆಯ ಲಾಡ್ಜುಗಳೆಲ್ಲ ಭರ್ತಿ. ಒಂದು ಕಡೆ ರೂಮಿದೆ ಎಂದವನು ನಮ್ಮ ಗಾಡಿಯ ನಂಬರ್ ಪ್ಲೇಟ್ ನೋಡಿ, ಫೋನಿನಲ್ಲಿ ಹೇಳಿದ್ದಕ್ಕಿಂತ ದುಪ್ಪಟ್ಟು ಕೇಳಿದ. ನಾಯ್ಡುಪೇಟೆಯಲ್ಲೂ ಸಿಗಲಿಲ್ಲ. ಕೊನೆಗೆ ಕಾಳಹಸ್ತಿಯಲ್ಲಿ ನಾಲ್ವರಿಗೂ ಸೇರಿ ಒಂದು ರೂಮು ಸಿಕ್ಕಿತು. ನಾನು ಸೂಪರ್‌ವೈಸರ್‌ಗೆ ಮೆಸೇಜ್ ಹಾಕಿದೆ: "ಸಾರ್, ರಾಕೆಟ್ ಕೆಟ್ಟಿದೆ, ನಾಳೆ ಬರಲ್ಲ." ಹದಿನೆಂಟು ವರ್ಷದ ಸರ್ವಿಸ್‌ನಲ್ಲಿ ಅವರು ನನಗೆ ನಗುವ ಬೊಂಬೆ ಕಳಿಸಿದ್ದು ಅದೇ ಮೊದಲು.

ಮಾರನೆಯ ದಿನ ನನ್ನ ಎರಡನೇ ತಪ್ಪು. ಕಾಳಹಸ್ತಿಗೆ ಬಂದು ದರ್ಶನ ಮಾಡದೆ ಹೋಗುವುದುಂಟೇ ಎಂದರು ಭಾವ. ರಾಹು ಕೇತು ಪೂಜೆಗೆ ಹೆಸರಾದ ಕ್ಷೇತ್ರ. ಗ್ರಹಣದ ಹೊತ್ತಿನಲ್ಲಿ ಬೇರೆ ದೇವಸ್ಥಾನಗಳು ಬಾಗಿಲು ಹಾಕಿದರೂ ಇದು ತೆರೆದೇ ಇರುತ್ತದೆ. ಮೇಷ್ಟ್ರು ಸಾಲಿನಲ್ಲಿ ನಿಂತೇ ನಕ್ಕರು. "ನೋಡಪ್ಪಾ, ಗ್ರಹಣ ಮಾಡೋ ಯಂತ್ರ ನೋಡೋಕೆ ಬಂದು ರಾಹು ಕೇತು ಕೈಗೆ ಸಿಕ್ಕಿಬಿದ್ವಿ." ಸಾಲು ಉದ್ದವಿತ್ತು. ಹೊರಗೆ ಬಂದು ಊಟ ಮುಗಿಸುವ ಹೊತ್ತಿಗೆ 1 ಗಂಟೆ ದಾಟಿತ್ತು. ಇನ್ನೂ ಟೈಮಿದೆ ಅಂದುಕೊಂಡೆವು. ನಾಯ್ಡುಪೇಟೆ ಹತ್ತಿರ ಟೈರ್ ಪಂಕ್ಚರ್. ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ. ಯಾರನ್ನೂ ಬೈಯುವ ಹಾಗಿಲ್ಲ, ಹೊರಡುವ ಮುಂಚೆ ನೋಡುತ್ತೇನೆ ಎಂದವನು ನಾನೇ.

ಸರೋವರದ ರಸ್ತೆಗೆ ಬಂದಾಗ 3 ಗಂಟೆ 50 ನಿಮಿಷ. ಮುಂದೆ ಗಾಡಿ ಸಾಲು. ಗ್ಯಾಲರಿಗೆ ಹೋಗುವ ಹೊತ್ತು ಮೀರಿದೆ ಎಂದು ಗೊತ್ತಾಯಿತು. ರಸ್ತೆ ಪಕ್ಕದಲ್ಲೇ ಎಷ್ಟೋ ಜನ ಬೈಕು, ಆಟೋ ನಿಲ್ಲಿಸಿಕೊಂಡು ಪೂರ್ವಕ್ಕೆ ಮುಖ ಮಾಡಿ ನಿಂತಿದ್ದರು. ನಾವೂ ನಿಂತೆವು. 4:12ಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆಯಲ್ಲ, ಟೀ ಸಿಗುತ್ತದಾ ಎಂದು ನಾನು ಅತ್ತಿತ್ತ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗ ತೆಲುಗಿನಲ್ಲಿ ಏನೋ ಹೇಳಿದ. ಮೇಷ್ಟ್ರಿಗೆ ಅರ್ಥವಾಯಿತು. ಸಮಯ ಮತ್ತೆ ಬದಲಾಗಿದೆ, 4 ಗಂಟೆ 4 ನಿಮಿಷಕ್ಕೆ. ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಇಸ್ರೋ ಪ್ರಕಟಣೆ ನೋಡಬೇಕಿತ್ತು. ಟೀಗೆ ಹೋಗಿದ್ದರೆ ಅಷ್ಟೇ ಕಥೆ.

ಮೊದಲು ಕಂಡದ್ದು ಬೆಳಕು. ಗಿಡಮರಗಳ ಸಾಲಿನ ಆಚೆ ಕಿತ್ತಳೆ ಬಣ್ಣದ ಒಂದು ಚುಕ್ಕೆ. ಫೋಟೋದಲ್ಲಿ ಯಾವತ್ತೂ ಅಷ್ಟು ಪ್ರಖರವಾಗಿ ಬರುವುದಿಲ್ಲ. ವೆಲ್ಡಿಂಗ್ ನೋಡಿದ ಹಾಗೆ. 320 ಟನ್ ತೂಕದ್ದು ಅಷ್ಟು ಸಲೀಸಾಗಿ ಏಳುತ್ತಿದೆ. ಆದರೆ ಸದ್ದಿಲ್ಲ. ಒಂಚೂರೂ ಇಲ್ಲ. ಬರೀ ಗಾಳಿ, ನೀರು, ಯಾರದ್ದೋ ಮಗು ಅಳುವುದು. ಮೇಷ್ಟ್ರು ಮಗಳ ಭುಜ ಮುಟ್ಟಿ "ಎಣಿಸು" ಅಂದರು. ಅವಳು ಜೋರಾಗಿ ಎಣಿಸತೊಡಗಿದಳು.

ಪಿಎಸ್‌ಎಲ್‌ವಿಯ ಈ ಮಾದರಿಯಲ್ಲಿ ಬುಡದ ಸುತ್ತ ಆರು ಸಣ್ಣ ಮೋಟರುಗಳಿರುತ್ತವೆ. ನಾಲ್ಕು ನೆಲದಲ್ಲೇ ಹೊತ್ತಿಕೊಳ್ಳುತ್ತವೆ. ಉಳಿದೆರಡು ಸುಮಾರು 25 ಸೆಕೆಂಡ್ ಆದಮೇಲೆ, ಆಕಾಶದಲ್ಲಿ. ಅವಳು ಇಪ್ಪತ್ತೈದು ದಾಟಿದಾಗಲೂ ನಮಗೆ ನೆಲ ಬಿಟ್ಟ ಸದ್ದೇ ಬಂದಿರಲಿಲ್ಲ. ಮೂವತ್ತು. ಮೂವತ್ತೈದು. ಹೊಗೆಯ ಕಂಬ ನೆತ್ತಿಯ ಕಡೆ ಬೆಳೆಯುತ್ತಿತ್ತು. ನಲವತ್ತನಾಲ್ಕು ಅಂದಾಗ ಬಂತು.

ಸಿಡಿಲಿನ ಹಾಗಲ್ಲ. ಮೊದಲು ದೂರದಲ್ಲಿ ಲಾರಿ ಕಲ್ಲು ಸುರಿದಂತೆ. ಆಮೇಲೆ ಚಟಚಟ ಹರಿಯುವ ಸದ್ದು, ದಪ್ಪ ಬಟ್ಟೆ ಸೀಳಿದ ಹಾಗೆ. ಕಾರಿನ ಬಾನೆಟ್ ಮೇಲೆ ಕೈ ಇಟ್ಟಿದ್ದೆ, ತಗಡು ಝುಮ್ ಅಂತು. ಕೆಸರಿನಲ್ಲಿದ್ದ ಕೊಕ್ಕರೆಗಳು ಒಟ್ಟಿಗೆ ಎದ್ದವು. ಮೇಷ್ಟ್ರು ಅಲ್ಲೇ ಲೆಕ್ಕ ಹಾಕಿದರು: ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್, ಹಾಗಾದರೆ ನಾವು ಉಡಾವಣಾ ವೇದಿಕೆಯಿಂದ ಹೆಚ್ಚುಕಡಿಮೆ 15 ಕಿಲೋಮೀಟರ್ ದೂರ. "ಆಗ ಹೊರಟ ಸದ್ದು ಈಗ ಬಂತು. ನೀನು ಕೇಳ್ತಿರೋದು ಹಳೇದು, ನೋಡ್ತಿರೋದು ಹೊಸದು" ಅಂದರು. ಗ್ಯಾಲರಿ ವೇದಿಕೆಗೆ ಹತ್ತಿರ. ಅಲ್ಲಿ ಸದ್ದು ಇದಕ್ಕಿಂತ ಎಷ್ಟೋ ಬೇಗ ಬರುತ್ತದೆ, ಜೋರಾಗಿಯೂ ಇರುತ್ತದೆ. ಆದರೆ ಈ ಮುಕ್ಕಾಲು ನಿಮಿಷದ ಮೌನ ಅಲ್ಲಿ ಸಿಗುತ್ತಿರಲಿಲ್ಲ. ನನ್ನ ಕೇಳಿದರೆ ಗ್ಯಾಲರಿ ಸಿಗದವರು ಅದಕ್ಕೇ ಪ್ರವಾಸ ರದ್ದು ಮಾಡಬೇಕಿಲ್ಲ. ಪೊಲೀಸರು ನಿಲ್ಲಲು ಬಿಟ್ಟ ಕಡೆ ನಿಂತುಕೊಳ್ಳಿ, ಅಷ್ಟೇ. ಒಂದು ಸಾಧಾರಣ ಬೈನಾಕ್ಯುಲರ್ ಇದ್ದರೆ 70ನೇ ಸೆಕೆಂಡಿನ ಹೊತ್ತಿಗೆ ಖಾಲಿಯಾದ ಮೋಟರುಗಳು ಕಳಚುವುದನ್ನೂ ಹಿಡಿಯಲು ನೋಡಬಹುದು. ನಮ್ಮದು ಮನೆಯಲ್ಲೇ ಉಳಿದಿತ್ತು.

ಜೋಡಿ ಉಪಗ್ರಹ ಕಕ್ಷೆ ಸೇರಿದ್ದು ಸುಮಾರು 18 ನಿಮಿಷದ ನಂತರ. ಆ ಹೊತ್ತಿಗೆ ಆಕಾಶದಲ್ಲಿ ಉಳಿದದ್ದು ಗಾಳಿಗೆ ಸೊಟ್ಟಗಾದ ಹೊಗೆ ಮಾತ್ರ. ನಾವು ಟ್ರಾಫಿಕ್ಕಿನಲ್ಲಿದ್ದೆವು. ಸುದ್ದಿ ಗೊತ್ತಾದದ್ದು ಟವರ್ ಸಿಕ್ಕಮೇಲೆ.

ಅದೇ ತಿಂಗಳ 30ರ ರಾತ್ರಿ ಸ್ಪೇಡೆಕ್ಸ್ ಉಪಗ್ರಹಗಳನ್ನು ಹೊತ್ತ ಪಿಎಸ್‌ಎಲ್‌ವಿ-ಸಿ60 ಹಾರಿತು. ನನಗೆ ರಜೆ ಉಳಿದಿರಲಿಲ್ಲ. ಈಗ ಡೈರಿಯ ಹಿಂದಿನ ಪುಟದಲ್ಲಿ ಮುಂದಿನ ಸಲಕ್ಕೆ ಅಂತ ಬರೆದಿಟ್ಟಿದ್ದೇನೆ. ಮೂರು ದಿನ ರಜೆ, ಅದೂ ವಾರದ ಕೊನೆಗೆ ತಾಗಿದ್ದರೆ ಇನ್ನೂ ಒಳ್ಳೆಯದು. ಬೇಕೆಂದಾಗ ರದ್ದು ಮಾಡಬಹುದಾದ ರೂಮು, ನಾಯ್ಡುಪೇಟೆಯಲ್ಲಾದರೂ ಸರಿ. ಮುಂದೂಡಿದರೆ ಹಳೆಯ ನೋಂದಣಿ ನಡೆಯುತ್ತದಾ ಎಂದು ಅಲ್ಲೇ ಕೇಳಿಕೊಂಡು ಬರುವುದು. ಸ್ಟೆಪ್ನಿ. ಬೈನಾಕ್ಯುಲರ್. ದರ್ಶನ ಹೋಗುವಾಗ ಬೇಡ, ಬರುವಾಗ.

ಊರಿಗೆ ಬಂದಮೇಲೆ ಎಲ್ಲರೂ ಕೇಳಿದ್ದು ವಿಡಿಯೋ. ತೆಗೆದವರು ಭಾವ. ಮೊದಲ ಅರ್ಧ ನಿಮಿಷ ರಾಕೆಟ್ ಇದೆ. ಆಮೇಲೆ ಅವರು ಫೋನ್ ಕೆಳಗಿಳಿಸಿ ತಾವೇ ನೋಡುತ್ತಾ ನಿಂತುಬಿಟ್ಟಿದ್ದಾರೆ. ಉಳಿದದ್ದೆಲ್ಲ ಅವರ ಚಪ್ಪಲಿ, ರಸ್ತೆ, ಮಗಳು ಎಣಿಸುವ ಧ್ವನಿ. ಮೊನ್ನೆ ಅವರೇ ಅದನ್ನು ಟಿವಿಗೆ ಹಾಕಿ "ಥೂ, ಏನೂ ಕಾಣಲ್ವಲ್ಲ" ಎಂದು ರಿಮೋಟ್ ತೆಗೆದುಕೊಂಡರು.

"ಆಫ್ ಮಾಡ್ಬೇಡಿ ಮಾವ, ಇನ್ನೂ ಮೂವತ್ತೆಂಟು" ಅಂದಳು ಮಗಳು.