ಅಂಗಳಕ್ಕೊಂದು ಕಟ್ಟೆ: ಕಾಂಕ್ರೀಟು, ಕಲ್ಲು, ಮರ ಕೂಡಿಸುವುದು ಹೇಗೆ?

ಮನೆ ಕಟ್ಟಿ ಮುಗಿಸಿದ ಮೇಲೆ ಉಳಿಯುವ ಅಂಗಳಕ್ಕೆ ನಮ್ಮಲ್ಲಿ ಒಂದೇ ಮದ್ದು. ಪೂರ್ತಿ ಕಾಂಕ್ರೀಟ್ ಹಾಕಿ ಮೇಲೆ ಪಾರ್ಕಿಂಗ್ ಟೈಲ್ಸ್ ಅಂಟಿಸಿಬಿಡುವುದು. ಕೆಸರಾಗಬಾರದು, ಅಷ್ಟೇ. ಏಪ್ರಿಲ್‌ನಲ್ಲಿ ಅದರ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಜುಲೈನಲ್ಲಿ ಜಾರುತ್ತದೆ. ಇನ್ನು ಕೆಲವರು ಸಿಮೆಂಟೇ ಬೇಡ, ಎಲ್ಲ ‘ನ್ಯಾಚುರಲ್’ ಇರಲಿ ಎಂದು ಮರದ ಬೆಂಚಿನ ಕಾಲನ್ನು ನೇರ ಮಣ್ಣಲ್ಲಿ ಹೂಳುತ್ತಾರೆ. ಮುಂದಿನದನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಎರಡನ್ನೂ ಕೂಡಿಸಿದರೆ ಚೆಂದ. ಭಾರ ಹೊರುವ ಕಡೆ ಕಾಂಕ್ರೀಟ್, ಮೈ ಕೈ ತಾಗುವ ಕಡೆ ಕಲ್ಲು, ಮರ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ ನೋಡಿದವರಿಗೆ ಇದು ಹೊಸ ಮಾತಲ್ಲ. 1970ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅದನ್ನು ಒರಟು ಗ್ರಾನೈಟ್ ಗೋಡೆ, ಬಳಿಯದೆ ಬಿಟ್ಟ ಕಾಂಕ್ರೀಟ್ ತೊಲೆ, ಅದರ ಮೇಲೆ ಹಬ್ಬಿದ ಬಳ್ಳಿ, ಇಷ್ಟರಲ್ಲೇ ರೂಪಿಸಿದರು. ದೊಡ್ಡ ಕಟ್ಟಡದ ಆ ಉಪಾಯವನ್ನು ಸಣ್ಣ ಅಂಗಳದಲ್ಲೂ ಮಾಡಬಹುದು. ಒಂದು ಎಚ್ಚರ ಮಾತ್ರ ಬೇಕು. ಕಲ್ಲು, ಮರ, ಕಾಂಕ್ರೀಟ್ ತಮ್ಮ ಪಾಡಿಗೆ ತಾವು ಚೆನ್ನಾಗೇ ಇರುತ್ತವೆ. ಕೆಲಸ ಕೆಡುವುದು ಒಂದಕ್ಕೊಂದು ಕೂಡುವ ಸಂದಿಯಲ್ಲಿ. ಅಲ್ಲಿ ನೀರು ನಿಂತರೆ ಆಯಿತು, ಕಥೆ ಮುಗೀತು.

ಇಲ್ಲಿ ಉದಾಹರಣೆಗೆ 6 ಅಡಿ ಉದ್ದ, ಒಂದೂವರೆ ಅಡಿ ಅಗಲದ ಕೂರುವ ಕಟ್ಟೆ ತೆಗೆದುಕೊಳ್ಳೋಣ. ಎರಡು ಕಲ್ಲಿನ ಕಾಲು, ಮೇಲೆ 3 ಇಂಚಿನ ಕಾಂಕ್ರೀಟ್ ಚಪ್ಪಡಿ, ಅದರ ಮೇಲೆ ಮರದ ಪಟ್ಟಿ. ಗಾರೆ ಕೆಲಸ ಗೊತ್ತಿರುವ ಒಬ್ಬ ಮೇಸ್ತ್ರಿ ಜೊತೆಗಿದ್ದರೆ ಸಾಕು.

ಕಲ್ಲು ಆರಿಸುವಾಗ

ಹತ್ತಿರ ಸಿಗುವ ಕಲ್ಲೇ ಒಳ್ಳೆಯದು. ಸಾಗಣೆ ಖರ್ಚು ಉಳಿಯುತ್ತದೆ, ಕೆತ್ತುವವರಿಗೂ ಆ ಕಲ್ಲಿನ ಗುಣ ಗೊತ್ತಿರುತ್ತದೆ. ಬೆಂಗಳೂರು, ಕೋಲಾರದ ಕಡೆ ಬೂದು ಗ್ರಾನೈಟ್ ಇದೆ. ದೇವನಹಳ್ಳಿ ಹತ್ತಿರದ ಸಾದರಹಳ್ಳಿ ಕಲ್ಲು ಇದೇ ಜಾತಿ. ಮಳೆ, ಬಿಸಿಲು, ಹುಳಿ ಯಾವುದಕ್ಕೂ ಜಗ್ಗದ ಕಲ್ಲು ಇದು. ಕರಾವಳಿಯಲ್ಲಿ ಕೆಂಪುಕಲ್ಲು, ಅಂದರೆ ಮುರಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ತಂದ ದಿನವೇ ಕಟ್ಟಬೇಡಿ. ಕಟ್ಟೆಯ ಕಾಲಿಗೆ, ಗೋಡೆಗೆ ಚೆನ್ನ. ನಡೆಯುವ ದಾರಿಗೆ ಬೇಡ, ನೀರು ಕುಡಿದು ಪಾಚಿ ಕಟ್ಟುತ್ತದೆ.

ಕಲಬುರಗಿ ಕಡೆಯವರಿಗೆ ಶಹಾಬಾದ್ ಕಲ್ಲು ಗೊತ್ತೇ ಇದೆ. ಇದು ಸುಣ್ಣದ ಕಲ್ಲು. ಹಾಳೆ ಹಾಳೆಯಾಗಿ ಏಳುವುದರಿಂದ ಅಗ್ಗ, ಹಾಸುವುದೂ ಸುಲಭ. ಆದರೆ ಹುಳಿಗೆ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೆಯೋಕೆ ‘ಆಸಿಡ್ ವಾಶ್ ಮಾಡಿಬಿಡ್ತೀವಿ ಸಾರ್’ ಅಂತ ಯಾರಾದರೂ ಬಂದರೆ ಗೇಟಲ್ಲೇ ತಡೆಯಿರಿ. ಶಹಾಬಾದ್, ಕಡಪ, ಕೋಟಾ, ಮಾರ್ಬಲ್ ಎಲ್ಲದರ ಮೇಲ್ಮೈಯನ್ನೂ ಆಸಿಡ್ ತಿಂದುಹಾಕುತ್ತದೆ. ಕಾಂಕ್ರೀಟನ್ನೂ ಬಿಡುವುದಿಲ್ಲ. ಇನ್ನು ಕಪ್ಪು ಕಡಪ ನೆರಳಿದ್ದ ಕಡೆ ಸರಿ. ಬಿಸಿಲಿಗೆ ಹಾಸಿದರೆ ಕಾಲು ಸುಡುತ್ತದೆ.

ಯಾವ ಕಲ್ಲಾದರೂ ಹೊರಗಡೆಗೆ ಪಾಲಿಶ್ ಬೇಡ. ಉಳಿಪೆಟ್ಟಿನ ಒರಟು ಮೈ ಇರಲಿ, ಇಲ್ಲವೇ ಬೆಂಕಿ ಹಾಯಿಸಿ ಒರಟು ಮಾಡಿದ್ದು.

ಗುಂಡಿ, ಕಾಲು

ಕಟ್ಟೆಯ ಎರಡು ಕಾಲಿಗೆ ತಲಾ ಒಂದೂವರೆ ಅಡಿ ಆಳದ ಗುಂಡಿ ತೋಡಿ. ತಳವನ್ನು ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿ, 4 ಇಂಚು ಬೆಡ್ ಕಾಂಕ್ರೀಟ್, ಅಂದರೆ ತಳಪದರದ ಕಾಂಕ್ರೀಟ್ ಹಾಕಿ. ಎರೆಮಣ್ಣಿನ ಊರಾದರೆ ಇಷ್ಟು ಸಾಲದು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿದ್ದದ್ದನ್ನೂ ಎತ್ತಿ ಇಳಿಸುತ್ತದೆ. ಇನ್ನಷ್ಟು ಆಳ ತೋಡಿ, ಎರೆಮಣ್ಣು ತೆಗೆದು ಗರಸು ತುಂಬಿ ಬಡಿಯಿರಿ.

ಮೇಲೆ ಸೈಜುಗಲ್ಲು, ಅಂದರೆ ಅಳತೆಗೆ ಒಡೆದ ಕಲ್ಲು ಕಟ್ಟಿ. ನೆಲದ ಮಟ್ಟದಿಂದ ಕಾಲಿನ ಎತ್ತರ 13.5 ಇಂಚು. ಚಪ್ಪಡಿ 3 ಇಂಚು, ಮರ ಒಂದೂವರೆ ಇಂಚು ಸೇರಿದರೆ ಒಟ್ಟು 18 ಇಂಚು. ಹೆಚ್ಚಿನವರಿಗೆ ಆರಾಮಾಗಿ ಕೂರುವ ಎತ್ತರ ಇದು. ಮೊಣಕಾಲು ನೋವಿನ ಅಜ್ಜಿ ಮನೆಯಲ್ಲಿದ್ದರೆ ಒಂದೆರಡು ಇಂಚು ಏರಿಸಿ. ತಗ್ಗಿನ ಕಟ್ಟೆಯಿಂದ ಏಳುವುದೇ ಅವರಿಗೆ ಕಷ್ಟ.

ಕಲ್ಲಿನ ಸಂದಿಗೆ ಸಿಮೆಂಟ್ ಗಾರೆ ತುಂಬುವಾಗ ಒಂದು ಮಾತು. ಗಾರೆಯನ್ನು ಕಲ್ಲಿನ ಮೈಮೇಲೆ ಹಾವು ಹರಿದಂತೆ ಉಬ್ಬಿಸಿ ಪಾಯಿಂಟಿಂಗ್ ಮಾಡುವ ಚಾಳಿ ನಮ್ಮಲ್ಲಿ ಬಹಳ. ನನಗಂತೂ ಅದು ಕಲ್ಲಿಗೆ ಮಾಡುವ ಅವಮಾನ ಅನ್ನಿಸುತ್ತದೆ. ಗಾರೆಯನ್ನು ಅರ್ಧ ಇಂಚು ಒಳಕ್ಕೆ ಕೆರೆದು ಬಿಡಿಸಿ. ಕಲ್ಲಿನ ಅಂಚು ನೆರಳು ಕೊಟ್ಟು ಎದ್ದು ಕಾಣುತ್ತದೆ.

ಚಪ್ಪಡಿ ಎರಕ

ಇದನ್ನು ಕಾಲಿನ ಮೇಲೆಯೇ ಎರಕ ಹೊಯ್ಯಿರಿ. ನೆಲದಲ್ಲಿ ಹೊಯ್ದು ಎತ್ತಿಡೋಣ ಅಂದರೆ ಚಪ್ಪಡಿಯ ತೂಕ ಸುಮಾರು 150 ಕೆ.ಜಿ. ಬರುತ್ತದೆ. ಬೆರಳು ಸಿಕ್ಕಿಕೊಂಡರೆ ಗತಿ?

ಸೆಂಟ್ರಿಂಗ್‌ಗೆ, ಅಂದರೆ ಮಾಲು ಹೊಯ್ಯುವ ಅಚ್ಚಿಗೆ, ಪ್ಲೈವುಡ್ ಸಾಕು, ಕೆಳಗೆ ಊರುಗೋಲು ಕೊಡಿ. ಒಳಮೈಗೆ ಎಣ್ಣೆ ಸವರಿ. ಎರಕದ ತಳದಲ್ಲಿ, ಅಂಚಿನಿಂದ ಒಂದು ಇಂಚು ಒಳಗೆ, ತೆಳ್ಳನೆಯ ಮರದ ರೀಪು ಸುತ್ತಲೂ ಮೊಳೆ ಹೊಡೆದು ಕೂರಿಸಿ. ಸೆಂಟ್ರಿಂಗ್ ಬಿಚ್ಚಿದಾಗ ಚಪ್ಪಡಿಯ ಅಡಿಯಲ್ಲಿ ಒಂದು ಗೀರು ಉಳಿಯುತ್ತದೆ. ಮಳೆನೀರು ಅಂಚಿನಿಂದ ಇಳಿದು ಅಡಿಗೆ ನುಸುಳಿ ಕಲ್ಲಿನ ಕಾಲಿನ ಮೇಲೆ ಹರಿಯಲು ಹೊರಡುತ್ತದೆ. ಈ ಗೀರು ಸಿಕ್ಕ ಕೂಡಲೇ ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಖರ್ಚು ಏನೂ ಇಲ್ಲ, ಆದರೂ ಹತ್ತರಲ್ಲಿ ಒಂಬತ್ತು ಜನ ಇದನ್ನು ಬಿಡುತ್ತಾರೆ. ಕಾಂಪೌಂಡ್ ಗೋಡೆಗಳ ಮೇಲೆ ಕಪ್ಪು ಪಟ್ಟೆ ಇಳಿದಿರುವುದನ್ನು ನೋಡಿದ್ದೀರಲ್ಲ, ಅದು ಈ ಗೀರು ಇಲ್ಲದ್ದಕ್ಕೆ.

ಕಬ್ಬಿಣ 8 ಎಂ.ಎಂ. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ 6 ಇಂಚಿಗೊಂದು, ಬೈಂಡಿಂಗ್ ವೈರ್‌ನಿಂದ ಬಿಗಿದು ಕಟ್ಟಿ. ಜಾಲರಿ ಚಪ್ಪಡಿಯ ಕೆಳಭಾಗದಲ್ಲಿ ಇರಬೇಕು. ಕೂತಾಗ ಚಪ್ಪಡಿ ನಡುವೆ ಬಾಗುತ್ತದೆ, ಆಗ ಎಳೆತ ಬೀಳುವುದು ಅಡಿಭಾಗಕ್ಕೆ. ಆದರೆ ಸೆಂಟ್ರಿಂಗ್‌ಗೆ ತಾಗಬಾರದು. ಅಡಿಗೆ ಒಂದು ಇಂಚಿನ ಕವರ್ ಬ್ಲಾಕ್ (ಸಣ್ಣ ಬಿಲ್ಲೆ) ಇಟ್ಟು ಜಾಲರಿಯನ್ನು ಮೇಲೆತ್ತಿ. ಆ ಗೀರು ಬರುವ ಕಡೆ ಕಬ್ಬಿಣ ಬಾರದಂತೆ ನೋಡಿಕೊಳ್ಳಿ. ಸಮುದ್ರದ ಹತ್ತಿರದವರು ಇದರಲ್ಲಿ ಇನ್ನೂ ಹುಷಾರಾಗಿರಬೇಕು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ.

ಮಾಲು ಕಲಸುವ ಲೆಕ್ಕ: ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು ಅಥವಾ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಮೂರು ಪಾಲು ಜಲ್ಲಿ. ಚಪ್ಪಡಿ ತೆಳ್ಳಗಿರುವುದರಿಂದ 12 ಎಂ.ಎಂ. ಜಲ್ಲಿ ಒಳ್ಳೆಯದು. ಸಿಮೆಂಟ್ ಅರ್ಧ ಮೂಟೆಗಿಂತ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಬಾಂಡ್ಲಿಯಲ್ಲಿ ಅಳೆಯುವುದಾದರೆ ಎಲ್ಲವನ್ನೂ ಒಂದೇ ಬಾಂಡ್ಲಿಯಲ್ಲಿ, ಮೇಲೆ ಉಬ್ಬಿದ್ದನ್ನು ಅಂಚಿನ ಸಮಕ್ಕೆ ಗೀಚಿ ಅಳೆಯಿರಿ.

ನೀರಿನ ವಿಷಯದಲ್ಲೇ ಜಗಳ ಬರುವುದು. ನೀರು ಜಾಸ್ತಿ ಹಾಕಿದರೆ ಮಾಲು ಸಲೀಸಾಗಿ ಹರಿಯುತ್ತದೆ, ಮೇಸ್ತ್ರಿಗೆ ಕೆಲಸ ಹಗುರ. ಆದರೆ ಆ ಹೆಚ್ಚುವರಿ ನೀರು ಆರಿಹೋದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಶಕ್ತಿ ಕುಸಿಯುತ್ತದೆ, ಬಿರುಕು ಬರುತ್ತದೆ. ಈ ಅಳತೆಯ ಮಾಲಿಗೆ 50 ಕೆ.ಜಿ. ಮೂಟೆಗೆ 30 ಲೀಟರ್ ನೀರು ಮೇಲ್ಮಿತಿ. ಮರಳು ಒದ್ದೆಯಿದ್ದರೆ ಇನ್ನೂ ಕಮ್ಮಿ. ಬಕೆಟ್‌ನಲ್ಲಿ ಅಳೆದು ಕೊಡಿ, ಪೈಪನ್ನು ದೂರ ಇಡಿ. ಕೈಗೆ ರಬ್ಬರ್ ಗ್ಲೌಸ್ ಇರಲಿ. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಸುಟ್ಟದ್ದು ಗೊತ್ತಾಗುವುದು ಸಂಜೆಗೆ.

ಮಾಲು ತುಂಬಿದ ಮೇಲೆ ಸರಳಿನಿಂದ ಚುಚ್ಚಿ ಗಾಳಿ ಹೊರಡಿಸಿ. ಮೇಲ್ಮೈಗೆ ಅಗಲದಲ್ಲಿ ಕಾಲು ಇಂಚು ವಾಟ ಕೊಡಿ. ರಸಮಟ್ಟ ಇಟ್ಟು ನೋಡಿ, ನೀರು ಹಿಂದಕ್ಕೆ ಇಳಿಯಬೇಕು, ಕೂತವರ ಕಡೆಗಲ್ಲ.

ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಟ್ಟು ಗಟ್ಟಿಯಾಗಲು ಬಿಡುವುದು, ಎರಕದಷ್ಟೇ ಮುಖ್ಯ. ಮಾರನೆಯ ದಿನದಿಂದ ಒದ್ದೆ ಗೋಣಿತಾಟು ಹೊದಿಸಿ. ಅಂಗಡಿಯಲ್ಲಿ ಈಗ ಹೆಚ್ಚಾಗಿ ಸಿಗುವುದು ಹಾರುಬೂದಿ ಸೇರಿದ ಪಿಪಿಸಿ ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ ನೀರು ಬೇಕು, 14 ದಿನ ಕೊಟ್ಟರೆ ಒಳ್ಳೆಯದು. ಬೆಳಿಗ್ಗೆ ಒಂದು ಸಲ ನೀರು ಎರಚಿ ಆಫೀಸಿಗೆ ಹೋದರೆ ಅದು ಕ್ಯೂರಿಂಗ್ ಅಲ್ಲ. ಗೋಣಿ ಒಣಗಲೇಬಾರದು. ಅಡಿಯ ಊರುಗೋಲನ್ನೂ ಅಲ್ಲಿಯವರೆಗೆ ತೆಗೆಯಬೇಡಿ.

ಮರ ಕೂರಿಸುವುದು

ಮರವನ್ನು ಹಸಿ ಕಾಂಕ್ರೀಟಿನಲ್ಲಿ ಹೂಳಬೇಡಿ. ಮರ ನೀರು ಹೀರಿ ಉಬ್ಬುತ್ತದೆ, ಆಮೇಲೆ ಒಣಗಿ ಕುಗ್ಗುತ್ತದೆ, ಸುತ್ತ ಸಂದಿ ಬೀಳುತ್ತದೆ. ಆ ಸಂದಿಯಲ್ಲಿ ನೀರು ನಿಂತು ಕೊಳೆಯುತ್ತದೆ.

ಸಾಗುವಾನಿ, ಹೊನ್ನೆ, ಮತ್ತಿ ಹೊರಗಡೆಗೆ ತಡೆಯುವ ಮರಗಳು. ಹೊಸದೇ ಬೇಕೆಂದಿಲ್ಲ. ಹಳೆ ಮನೆ ಕೆಡವಿದ ಕಡೆ ಸಿಗುವ ತೊಲೆ, ಬಾಗಿಲ ಚೌಕಟ್ಟುಗಳನ್ನು ಸೀಳಿಸಿದರೆ ಇನ್ನೂ ಒಳ್ಳೆಯದು, ವರ್ಷಗಟ್ಟಲೆ ಒಣಗಿದ ಮರ ಅದು. ಕೊಯ್ಯಿಸುವ ಮೊದಲು ಹಳೆ ಮೊಳೆಗಳನ್ನು ಕಿತ್ತು ಕೊಡಿ, ಇಲ್ಲದಿದ್ದರೆ ಗರಗಸದವನ ಬೈಗುಳ ಕೇಳಬೇಕಾಗುತ್ತದೆ.

ಒಂದೂವರೆ ಇಂಚು ದಪ್ಪ ಅಂದೆನಲ್ಲ, ಅದರಲ್ಲಿ ಪಟ್ಟಿ ಒಂದು ಇಂಚು, ಅಡಿಯಲ್ಲಿ ಬಿಡುವ ಗಾಳಿ ಸಂದಿ ಅರ್ಧ ಇಂಚು. ಪಟ್ಟಿಗಳ ನಡುವೆಯೂ ಕಾಲು ಇಂಚು ಬಿಡಿ. ಚಪ್ಪಡಿಗೆ ಡ್ರಿಲ್ ಮಾಡಿ ಬೋಲ್ಟ್ ಹಾಕಿ, ಪ್ರತಿ ಬೋಲ್ಟಿನ ಬುಡದಲ್ಲಿ ದಪ್ಪ ರಬ್ಬರ್ ವಾಷರ್ ಇಟ್ಟು ಮರವನ್ನು ಮೇಲೆತ್ತಿ. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಲಿ. ಮಾಮೂಲಿ ಕಬ್ಬಿಣದ್ದಾದರೆ ಮರದ ಒಗರು ಸೇರಿ ಸುತ್ತ ಕಪ್ಪು ಕಲೆ ಬೀಳುತ್ತದೆ.

ವಾರ್ನಿಷ್ ಬದಲು ಎಣ್ಣೆ ಹಚ್ಚಿ. ವಾರ್ನಿಷ್ ಬಿಸಿಲಿಗೆ ಪೊರೆ ಏಳುತ್ತದೆ, ಆಮೇಲೆ ಪೂರ್ತಿ ಉಜ್ಜಿ ತೆಗೆಯದೆ ಬೇರೆ ದಾರಿಯಿಲ್ಲ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಿದರೆ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನಗೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಕರಾವಳಿಯಲ್ಲಿ ಮರಕ್ಕೆ ಗೇರೆಣ್ಣೆ ಹಚ್ಚುವ ರೂಢಿ ಹಳೆಯದು, ಗೆದ್ದಲಿಗೆ ಒಳ್ಳೆಯ ಔಷಧಿ. ಆದರೆ ಅದು ಚರ್ಮ ಸುಡುವ ಎಣ್ಣೆ. ಕೂರುವ ಪಟ್ಟಿಗೆ ಬೇಡ, ಚಪ್ಪರದ ಕಂಬಗಳಿಗೆ ಇಟ್ಟುಕೊಳ್ಳಿ.

ದಾರಿ ಮತ್ತು ಮರದ ಬುಡ

ಗೇಟಿನಿಂದ ಕಟ್ಟೆಗೆ ಹೋಗುವ ದಾರಿಗೆ ಕಾಂಕ್ರೀಟ್ ಬೇಕಿಲ್ಲ. 2 ಇಂಚು ದಪ್ಪದ ಗ್ರಾನೈಟ್ ಹಾಸುಗಲ್ಲು ತಂದು, ಬಡಿದು ಗಟ್ಟಿ ಮಾಡಿದ ನೆಲದ ಮೇಲೆ ಎಂ-ಸ್ಯಾಂಡ್ ಹರಡಿ ಕೂರಿಸಿ. ಒಂದೊಂದು ಹೆಜ್ಜೆಗೆ ಒಂದೊಂದು ಕಲ್ಲಾದರೆ ನಡುವಿನಿಂದ ನಡುವಿಗೆ ಸುಮಾರು 2 ಅಡಿ. ಹಾಸುವ ಮೊದಲು ಮನೆಯವರನ್ನೆಲ್ಲ ಒಮ್ಮೆ ಸುಮ್ನೆ ನಡೆಸಿ ನೋಡಿ. ಕಲ್ಲು ಅವರ ಹೆಜ್ಜೆಗೆ ಸಿಗಬೇಕು, ಅಲ್ವಾ? ಸಂದಿಯಲ್ಲಿ ಹುಲ್ಲು ಬಿಡಿ. ಮಳೆನೀರು ಅಲ್ಲೇ ಇಂಗುತ್ತದೆ.

ಅಂಗಳದಲ್ಲಿ ಮಾವೋ ಹೊಂಗೆಯೋ ಇದ್ದರೆ ಅದರ ಬುಡಕ್ಕೆ ಒತ್ತಿ ಕಾಂಕ್ರೀಟ್ ಹಾಕಬೇಡಿ. ಸುತ್ತ ಕನಿಷ್ಠ 3 ಅಡಿ ಮಣ್ಣು ತೆರೆದಿರಲಿ. ಬೇರಿಗೆ ಗಾಳಿ, ನೀರು ಬೇಕು, ಕಾಂಡ ದಪ್ಪಗಾಗೋಕೆ ಜಾಗ ಬೇಕು. ಜಾಗ ಕೊಡದಿದ್ದರೆ ಮರವೇ ಕಟ್ಟೆ ಒಡೆದು ಜಾಗ ಮಾಡಿಕೊಳ್ಳುತ್ತದೆ. ಕಟ್ಟೆಯನ್ನು ಮನೆ ಗೋಡೆಗೆ ತಾಗಿಸಿ ಮಾಡುವುದಾದರೂ ಅರ್ಧ ಇಂಚು ಬಿಟ್ಟು ಕಟ್ಟಿ. ಎರಡೂ ಬೇರೆ ಬೇರೆ ಪಾಯದ ಮೇಲೆ ಕೂತಿರುತ್ತವೆ, ಬೇರೆ ಬೇರೆಯಾಗಿಯೇ ಇಳಿಯುತ್ತವೆ.

ಮನೆಯೊಳಗೆ ಬೇಕೆಂದರೆ

ಇದೇ ಜೋಡಿಯನ್ನು ಒಳಗೂ ತರಬಹುದು. ಪಡಸಾಲೆಗೆ ರೆಡ್ ಆಕ್ಸೈಡ್ ನೆಲದಷ್ಟು ತಂಪಾದದ್ದು ಇನ್ನೊಂದಿಲ್ಲ. ಆದರೆ ಅದನ್ನು ತಿಕ್ಕಿ ಹೊಳಪು ತರಬಲ್ಲ ಹಳೇ ಕೈ ಸಿಕ್ಕರೆ ಮಾತ್ರ ಮಾಡಿಸಿ. ಅಡುಗೆ ಕಟ್ಟೆಗೆ ಬರಿ ಕಾಂಕ್ರೀಟ್ ಈಗ ಫ್ಯಾಷನ್. ದಿನಾ ನಿಂಬೆ, ಹುಣಸೆಹುಳಿ ಚೆಲ್ಲುವ ನಮ್ಮ ಅಡುಗೆಮನೆಗೆ ಅದು ಹೊಂದುವುದಿಲ್ಲ, ಕಲೆ ಉಳಿಯುತ್ತದೆ. ಅಲ್ಲಿ ಗ್ರಾನೈಟೇ ಇರಲಿ, ಅದನ್ನು ಹೊರುವ ಗೋಡೆಗಳು ಬೇಕಾದರೆ ಕಾಂಕ್ರೀಟಿನದ್ದಾಗಲಿ.

ಕಟ್ಟೆಯ ನಿಗಾ ದೊಡ್ಡದಲ್ಲ. ಹೊಸ ಕಾಂಕ್ರೀಟ್ ಮೇಲೆ ಬಿಳಿ ಉಪ್ಪು ಕಂಡರೆ ಒಣ ಬ್ರಷ್‌ನಲ್ಲಿ ಉಜ್ಜಿ, ಕ್ರಮೇಣ ನಿಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ಪಾಚಿಯನ್ನು ಗಟ್ಟಿ ಪೊರಕೆಯಿಂದ ತಿಕ್ಕಿ ತೊಳೆಯಿರಿ. ವರ್ಷಕ್ಕೊಮ್ಮೆ ಮರಕ್ಕೆ ಎಣ್ಣೆ. ಬೇಸಿಗೆಯಲ್ಲಿ ಮರ ಕುಗ್ಗಿ ಬೋಲ್ಟ್ ಸಡಿಲವಾಗಿರುತ್ತದೆ. ಎಣ್ಣೆ ಹಚ್ಚುವ ದಿನವೇ ಸ್ಪ್ಯಾನರ್ ಹಿಡಿದು ಒಂದೊಂದನ್ನೂ ಮೆಲ್ಲಗೆ ಬಿಗಿ ಮಾಡಿ. ರಬ್ಬರ್ ವಾಷರ್ ಚಪ್ಪಟೆಯಾಗಿದ್ದರೆ ಬದಲಿಸಿ.