ಹಡಗು ಕುಣಿದದ್ದೋ, ಹಿಮ ನಿಂತದ್ದೋ: ಡೊನೆಗಾಲ್ ಕೊಲ್ಲಿಯ ಸಣ್ಣ ಏಣುಗಳು

ಐರ್ಲೆಂಡಿನ ಡೊನೆಗಾಲ್ ಕೊಲ್ಲಿಯ ಬಾಯಲ್ಲಿ ಬಿಲ್ಲಿನಾಕಾರದ ದೊಡ್ಡ ಮೊರೇನುಗಳಿರುವುದು ಹೊಸ ಸುದ್ದಿಯಲ್ಲ. ಸುಮಾರು 26–27 ಸಾವಿರ ವರ್ಷಗಳ ಹಿಂದೆ ಶೆಲ್ಫಿನ (ದಂಡೆಯಾಚೆಯ ಆಳ ಕಡಿಮೆಯ ಕಡಲತಳ) ಅಂಚಿನವರೆಗೂ ಚಾಚಿದ್ದ ಹಿಮಹಾಳೆ ಹಂತಹಂತವಾಗಿ ಒಳಗೆ ಸರಿದಾಗ ಬಿಟ್ಟುಹೋದ ದಿಬ್ಬಗಳು ಅವು. ಬೋಟಿನ ಸೋನಾರ್ ಅಳೆದ ಆಳವನ್ನು ಚೌಕಚೌಕವಾಗಿ ತುಂಬಿದ ನಕ್ಷೆ, ಅಂದರೆ ಗ್ರಿಡ್, ಯಾವುದನ್ನು ತೆರೆದರೂ ಕಣ್ಣಿಗೆ ಹೊಡೆಯುತ್ತವೆ. ನನ್ನ ತಕರಾರು ಇದ್ದದ್ದು ಅವುಗಳ ನಡುವೆ ಒಂದು, ಒಂದೂವರೆ ಮೀಟರ್ ಎತ್ತರಕ್ಕೆ ಎದ್ದು ಕಾಣುವ ಸಣ್ಣ ಏಣುಗಳ ಬಗ್ಗೆ. ಯಾರಿಗೆ ತೋರಿಸಿದರೂ ಒಂದೇ ಉತ್ತರ ಸಿಗುತ್ತಿತ್ತು. ನನ್ನ ಜೊತೆ ಸರ್ವೆ ಬೋಟಿನಲ್ಲಿ ವರ್ಷಗಟ್ಟಲೆ ದುಡಿದ ಮಂಗಳೂರಿನ ಗೆಳೆಯನಂತೂ ಫೋನಿನಲ್ಲೇ ನಕ್ಕುಬಿಟ್ಟ. “ಅದು ಹಡಗು ಕುಣಿದದ್ದು ಮಾರಾಯಾ, ಹಿಮ ಅಲ್ಲ.” ಈಗ ಅವನೂ ಒಪ್ಪಿದ್ದಾನೆ. ಅದಕ್ಕೇ ಬರೆಯಲು ಕೂತೆ.

ಅವನ ಅನುಮಾನ ಪೊಳ್ಳಲ್ಲ. ಎಂಟು ನಾಟ್ ವೇಗ ಎಂದರೆ ಸೆಕೆಂಡಿಗೆ ನಾಲ್ಕು ಮೀಟರ್ ಚಿಲ್ಲರೆ. ಅಟ್ಲಾಂಟಿಕ್ಕಿನ ಉಬ್ಬಲೆ ಎಂಟು-ಹತ್ತು ಸೆಕೆಂಡಿಗೊಮ್ಮೆ ಬೋಟನ್ನು ಎತ್ತಿ ಇಳಿಸುತ್ತದೆ. ಈ ಏರಿಳಿತವನ್ನು, ಅಂದರೆ ಹೀವ್ ಅನ್ನು, ಅಳೆದ ಆಳದಿಂದ ಸರಿಯಾಗಿ ಕಳೆಯದಿದ್ದರೆ ತಳದ ಮೇಲೆ ಮೂವತ್ತು-ನಲವತ್ತು ಮೀಟರಿಗೊಂದರಂತೆ ಸುಳ್ಳು ಏಣುಗಳು ಸಾಲಾಗಿ ಎದ್ದು ನಿಲ್ಲುತ್ತವೆ. ನಾನು ಹುಡುಕುತ್ತಿದ್ದ ನಿಜವಾದ ಏಣುಗಳ ಅಂತರ ನಲವತ್ತರಿಂದ ನೂರಿಪ್ಪತ್ತು. ಎರಡೂ ಒಂದರ ಮೇಲೊಂದು ಬೀಳುತ್ತವೆ. ನಾರ್ವೆಯ ಶೆಲ್ಫಿನಲ್ಲಿ ಕ್ರಿಸ್ಟೀನ್ ಬ್ಯಾಚೆಲರ್ ತಂಡ 2023ರಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಸಣ್ಣ ಏಣುಗಳನ್ನು ಅಳೆದು, ಹಿಮದಂಚು ದಿನಕ್ಕೆ 55ರಿಂದ 610 ಮೀಟರ್ ಹಿಂದೆ ಸರಿದಿತ್ತು ಎಂದು ಲೆಕ್ಕ ಕೊಟ್ಟಮೇಲೆ ಎಲ್ಲರಿಗೂ ಇಂಥ ಏಣಿನ ಹುಚ್ಚು ಹಿಡಿದಿದೆ. ಹುಚ್ಚು ಹಿಡಿದವರ ಗ್ರಿಡ್ಡುಗಳಲ್ಲಿ ಹೀವ್ ಎಷ್ಟು, ಹಿಮ ಎಷ್ಟು ಎಂದು ನೋಡುವವರು ಕಡಿಮೆ.

ಡೇಟಾಕ್ಕೆ ಒಂದು ಯೂರೋ ಕೊಟ್ಟಿಲ್ಲ. ಐರ್ಲೆಂಡ್ 1999ರಿಂದ ತನ್ನ ಕಡಲತಳ ಅಳೆಯುತ್ತಿದೆ, 2006ರಿಂದ ಅದು ಇನ್ಫೊಮಾರ್ ಹೆಸರಲ್ಲಿ ನಡೆಯುತ್ತಿದೆ, ಅಳೆದದ್ದೆಲ್ಲ ಸಾರ್ವಜನಿಕ. ಹಣ ಹೋದದ್ದು ಬೇರೆ ಕಡೆ. ಸೆಕೆಂಡ್‌ಹ್ಯಾಂಡ್ ವರ್ಕ್‌ಸ್ಟೇಷನ್ನಿಗೆ ಏಳುನೂರು ಯೂರೋ ಆಸುಪಾಸು, ಎರಡು ಡಿಸ್ಕಿಗೆ ಇನ್ನೂರೈವತ್ತು, ಮೇಲೆ ಚಳಿಗಾಲದ ಕರೆಂಟ್ ಬಿಲ್ಲು. ರಾತ್ರಿಯಿಡೀ ಗ್ರಿಡ್ ಓಡಿಸಿದರೆ ಮನೆಯಾಕೆ ಮೀಟರ್ ನೋಡಿ ಬಂದು ಮಾತಾಡಿಸುತ್ತಿರಲಿಲ್ಲ. ವಾಣಿಜ್ಯ ಸಾಫ್ಟ್‌ವೇರಿನ ಒಂದು ವರ್ಷದ ಲೈಸೆನ್ಸಿಗೆ ಕೇಳಿದ ಬೆಲೆಯಲ್ಲಿ ಊರಿನಲ್ಲಿ ಒಳ್ಳೇ ಹಾಲು ಕೊಡುವ ಎಮ್ಮೆ ನಾಲ್ಕೈದು ಬರುತ್ತಿದ್ದವು. ಹಾಗಾಗಿ ಸೋನಾರ್ ಡೇಟಾ ಸರಿಪಡಿಸಲು ಎಂಬಿ-ಸಿಸ್ಟಮ್, ನಕ್ಷೆಗೆ ಕ್ಯೂಜಿಐಎಸ್, ಎರಡೂ ಬಿಟ್ಟಿ. ಎಂಬಿ-ಸಿಸ್ಟಮ್ ಕಮಾಂಡ್ ಸಾಲಿನಲ್ಲಿ ಬಗ್ಗದವರು ಇಲ್ಲೇ ನಿಲ್ಲಿ, ಮುಂದಿನದು ನಿಮಗೆ ಉಪಯೋಗವಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ, ಫೂರಿಯೆ ಫಿಲ್ಟರ್ ಹಾಕಿ ಆ ಅಂತರದ ಅಲೆಗಳನ್ನು ಕಿತ್ತೆಸೆಯುವುದು. ಸುಳ್ಳು ಏಣು ಹೋಯಿತು, ನಿಜದ್ದೂ ಹೋಯಿತು, ತಳ ಇಸ್ತ್ರಿ ಮಾಡಿಟ್ಟಂತೆ ಬಂತು. ಅಕ್ಕಪಕ್ಕದ ಆಳಗಳಲ್ಲಿ ನಡುವಿನದನ್ನು ಹಿಡಿಯುವ ಮೀಡಿಯನ್ ಫಿಲ್ಟರ್ ಹಾಕಿದರೆ ಏಣಿನ ನೆತ್ತಿ ಸವೆದು ಅರ್ಧ ಮೀಟರ್ ಆಯಿತು. ಎರಡು ಮೀಟರ್ ಗ್ರಿಡ್ ಪ್ರಯತ್ನಿಸಿದ್ದೂ ದಂಡ. ಬೋಟು ಅಳೆಯುತ್ತ ಹೋದ ಹಳೇ ಸಾಲುಗಳು ಇಎಂ-1002 ಎಂಬ ಸೋನಾರಿನವು, 95 ಕಿಲೋಹರ್ಟ್ಸ್, 111 ಬೀಮ್ (ಧ್ವನಿಯ ಕಿರಣ), ಬೀಮಿನ ಅಗಲ ಎರಡು ಡಿಗ್ರಿ. ಎಂಬತ್ತು ಮೀಟರ್ ಆಳದಲ್ಲಿ ನೇರ ಕೆಳಗಿನ ಬೀಮೇ ಸುಮಾರು ಮೂರು ಮೀಟರ್ ಜಾಗ ನುಂಗುತ್ತದೆ, ಅಂಚಿನದು ಕೇಳಲೇಬೇಡಿ. ಐದು ಮೀಟರಿಗಿಂತ ಚಿಕ್ಕ ಗ್ರಿಡ್ ಹಾಕಿ ಚಂದ ಕಂಡಿತೆಂದು ಹಿಗ್ಗುವವರು ಗದ್ದಲವನ್ನೇ ದೊಡ್ಡದು ಮಾಡಿ ನೋಡುತ್ತಿರುತ್ತಾರೆ.

ಆಮೇಲೆ ಹಿಡಿದದ್ದು ಟೈಮಿಂಗ್. ಸುಳ್ಳು ಅಲೆ, ಬೋಟು ಒಂದು ಸಲಕ್ಕೆ ಅಳೆಯುವ ಪಟ್ಟಿಯ ಎರಡೂ ಅಂಚಿನಲ್ಲಿ ಮಾತ್ರ ಇದ್ದು ನಡುವೆ ಮಾಯವಾಗಿದ್ದರೆ ಅದು ರೋಲ್ (ಬೋಟಿನ ಎಡಬಲದ ಓಲಾಟ) ತಡವಾಗಿ ದಾಖಲಾದದ್ದು, ನಡುವೆಯೂ ಅಷ್ಟೇ ಇದ್ದರೆ ಹೀವ್. ಒಂದು ವರ್ಷದ ಸಾಲುಗಳಲ್ಲಿ ಬೋಟಿನ ಕುಣಿತ ಅಳೆಯುವ ಮೋಶನ್ ಸೆನ್ಸರಿನ ಗಡಿಯಾರವನ್ನು ಹತ್ತಾರು ಮಿಲಿಸೆಕೆಂಡ್ ಆಚೀಚೆ ಸರಿಸಿ ನೋಡಿದೆ, ಅಂಚಿನ ಗಲಾಟೆಯಲ್ಲಿ ಮುಕ್ಕಾಲು ಭಾಗ ಅಡಗಿತು. ಎಷ್ಟು ಸರಿಸಬೇಕೆಂದು ಕಂಡುಕೊಳ್ಳುವ ಒಂದು ಅಡ್ಡದಾರಿ ನನ್ನ ಹತ್ತಿರ ಇದೆ. ಅದು ಅನ್ನದ ದಾರಿಯೂ ಹೌದು, ಇಲ್ಲಿ ಬರೆಯುವುದಿಲ್ಲ.

ಇಷ್ಟಾದರೂ ಗೆಳೆಯ ಜಗ್ಗಲಿಲ್ಲ. ಹೀವ್ ಸೆನ್ಸರಿಗೆ ಐದು ಸೆಂಟಿಮೀಟರ್ ಅಥವಾ ಶೇಕಡಾ ಐದು, ಯಾವುದು ಹೆಚ್ಚೋ ಅಷ್ಟು ತಪ್ಪು ಎಂಬುದು ಎಲ್ಲರಿಗೂ ಬಾಯಿಪಾಠ. ಬೋಟು ಮೂರು ಮೀಟರ್ ಎದ್ದರೂ ಹದಿನೈದು ಸೆಂಟಿಮೀಟರ್, ಒಂದೂವರೆ ಮೀಟರ್ ಏಣು ಅದರಿಂದ ಹುಟ್ಟಲಾರದು ಎಂದೆ. “ಸೆನ್ಸರ್ ಸರಿ ಇದ್ದರೆ ತಾನೇ?” ಅಂದ. ಅದೂ ನ್ಯಾಯವೇ.

ಕೊನೆಗೆ ಗೆದ್ದದ್ದು ಅಡ್ಡಗೆರೆ, ಮುಖ್ಯ ಸಾಲುಗಳನ್ನು ಕತ್ತರಿಸಿ ಬೋಟು ಅಡ್ಡಲಾಗಿ ಅಳೆದ ಸಾಲು. ಹೀವಿನ ಏಣು ಯಾವಾಗಲೂ ಬೋಟಿನ ದಾರಿಗೆ ಅಡ್ಡಡ್ಡ ಬೀಳುತ್ತದೆ. ಬೋಟು ತಿರುಗಿದರೆ ಅದೂ ತಿರುಗುತ್ತದೆ. ಮೊರೇನಿಗೆ ಬೋಟಿನ ಗೊಡವೆಯಿಲ್ಲ. ಹಾಗಾಗಿ ಸಾಲುಗಳನ್ನೆಲ್ಲ ಕಲಸಿ ಒಂದೇ ಗ್ರಿಡ್ ಮಾಡುವುದನ್ನೇ ಬಿಟ್ಟೆ. ಮುಖ್ಯ ಸಾಲುಗಳದು ಒಂದು ಗ್ರಿಡ್, ಅಡ್ಡಗೆರೆ ಹಾಗೂ ಬಂದರಿಗೆ ಹೋಗಿಬರುವಾಗ ದಾಖಲಾದ ಸಾಲುಗಳದು ಇನ್ನೊಂದು, ಬೇರೆ ವರ್ಷದ ಸರ್ವೆ ಅಂಚಿನಲ್ಲಿ ಹಾದುಹೋಗಿದ್ದರೆ ಅದರದು ಮೂರನೆಯದು. ಪ್ರತಿಯೊಂದರಿಂದಲೂ ನಯಗೊಳಿಸಿದ ಮೇಲ್ಮೈ ಕಳೆದು ಉಳಿದದ್ದನ್ನು ಮಾತ್ರ ನೋಡಿದೆ. ಕನಿಷ್ಠ ಎರಡು ಗ್ರಿಡ್ಡಿನಲ್ಲಿ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ನಿಂತದ್ದು ಮಾತ್ರ ಏಣು. ಅಡ್ಡಗೆರೆ ಕಸವೆಂದು, ಬರೀ ಗುಣಮಟ್ಟದ ಲೆಕ್ಕಕ್ಕೆ ಇಟ್ಟುಕೊಂಡು ಗ್ರಿಡ್ಡಿನಿಂದ ಹೊರಗಿಡುವ ಅಭ್ಯಾಸ ನಮ್ಮಲ್ಲಿದೆ. ನನ್ನ ಇಡೀ ಕೆಲಸ ನಿಂತದ್ದು ಆ ಕಸದ ಮೇಲೆ.

ಮೊದಲು ಗುರುತಿಸಿದ್ದ ನೂರಕ್ಕೂ ಹೆಚ್ಚು ಏಣುಗಳಲ್ಲಿ ಉಳಿದದ್ದು ನಲವತ್ತರ ಆಸುಪಾಸು. ಹೋದದ್ದಕ್ಕೆ ಬೇಸರವಿಲ್ಲ. ಉಳಿದವು ದೊಡ್ಡ ಬಿಲ್ಲುಗಳ ಬಾಗಿಗೆ ಸರಿಸುಮಾರು ಸಮಾನಾಂತರ, ಅಂತರ ಒಂದೇ ಸಮನಿಲ್ಲ, ಕೆಲವು ನಡುವೆ ತುಂಡಾಗಿವೆ, ಒಂದೆರಡು ಕಡೆ ಒಂದನ್ನೊಂದು ಕಡಿದಿವೆ. ಹಿಮದಂಚು ಹಿಂದೆ ಸರಿಯುತ್ತ ಅಲ್ಲಲ್ಲಿ ನಿಂತು, ಕೆಲವೊಮ್ಮೆ ಸ್ವಲ್ಪ ಮುಂದಕ್ಕೂ ತಳ್ಳಿದೆ. ನಾರ್ವೆಯವರಂತೆ ದಿನದ ಲೆಕ್ಕ ಕೊಡಿ ಎಂದು ಕೇಳುವವರಿದ್ದಾರೆ. ಅಲ್ಲಿ ಅಂತರ ಉಬ್ಬರವಿಳಿತಕ್ಕೆ ತಾಳೆಯಾಗುವಷ್ಟು ಕ್ರಮಬದ್ಧ. ನನ್ನವು ಹಾಗಿಲ್ಲ. ದಿನವೂ ಹೇಳುವುದಿಲ್ಲ, ವರ್ಷವೂ ಹೇಳುವುದಿಲ್ಲ.

ನಡುವೆ ದಾರಿ ತಪ್ಪಿ ಹೊರ ಶೆಲ್ಫಿನ ಐಸ್‌ಬರ್ಗ್ ಗೀರುಗಳ ಹಿಂದೆ ಒಂದು ತಿಂಗಳು ಓಡಾಡಿದೆ. ಅಲ್ಲಿನ ತಲೆನೋವು ಟ್ರಾಲ್ ಬೋಟುಗಳು. ಮಲ್ಪೆ, ಹೊನ್ನಾವರದ ಕಡೆಯವರಿಗೆ ಗೊತ್ತು, ಬಲೆಯ ಬಾಯಿ ಅಗಲಿಸುವ ಎರಡು ಭಾರದ ಬೋರ್ಡು ತಳವನ್ನು ಉಜ್ಜಿಕೊಂಡೇ ಹೋಗುತ್ತವೆ. ಅವುಗಳ ಗೀರು ಜೋಡಿಜೋಡಿ, ತೆಳು, ಉದ್ದಕ್ಕೂ ಒಂದೇ ಅಂತರ. ಐಸ್‌ಬರ್ಗ್ ಉತ್ತ ಗೀರು ಹತ್ತಾರು ಮೀಟರ್ ಅಗಲ, ಎರಡೂ ಬದಿಗೆ ಮಣ್ಣು ಏರಿ ಕೂತಿರುತ್ತದೆ, ಗಾಳಿ-ಪ್ರವಾಹ ತಿರುಗಿದ ಕಡೆ ಅದೂ ತಿರುಗುತ್ತದೆ. ಬ್ಯಾಕ್‌ಸ್ಕ್ಯಾಟರ್, ಅಂದರೆ ತಳದಿಂದ ಮರಳಿದ ಧ್ವನಿಯ ಜೋರು, ಸೇರಿಸಿದರೆ ಇನ್ನೂ ಸುಲಭ, ಬದಿಯ ಕಲ್ಲುಗಳು ಜೋರಾಗಿ ಮಾರ್ದನಿ ಕೊಡುತ್ತವೆ. ಮರಳಿನ ಅಲೆದಿಬ್ಬವನ್ನು ಮೊರೇನಿನಿಂದ ಬೇರ್ಪಡಿಸಲೂ ಇದೇ ಉಪಾಯ ಸಾಕಾಯಿತು.

ಕಾರವಾರದ ಹೊರಗಿನ ಕಡಲಿಗೂ ಒಮ್ಮೆ ಇದೇ ಸ್ಕ್ರಿಪ್ಟ್ ಓಡಿಸಿದೆ, ಚಪಲ. ಆ ಹಿಮಯುಗದಲ್ಲಿ ಅಲ್ಲಿ ಹಿಮ ಇರಲಿಲ್ಲ. ಆದರೆ ಉತ್ತರದಲ್ಲಿ ನೀರು ಹಿಮವಾಗಿ ಕೂತಿದ್ದಾಗ ಸಮುದ್ರ 120 ಮೀಟರಿನಷ್ಟು ಕೆಳಗಿತ್ತು, ನಮ್ಮ ಶೆಲ್ಫ್ ಬಹುಪಾಲು ಒಣನೆಲ. ಹಳೇ ದಂಡೆ ಸಿಕ್ಕೀತೆಂಬ ಆಸೆ. ಕೈಗೆ ಸಿಕ್ಕದ್ದು ಜೆಬ್ಕೋ ಎಂಬ ಜಾಗತಿಕ ಕಡಲಾಳ ನಕ್ಷೆಯ ಹದಿನೈದು ಆರ್ಕ್‌ಸೆಕೆಂಡಿನ (ಅಕ್ಷಾಂಶ-ರೇಖಾಂಶದ ಅಳತೆ) ಗ್ರಿಡ್, ಎಂದರೆ ನಾನೂರೈವತ್ತು ಮೀಟರಿಗೊಂದು ಚುಕ್ಕೆ. ಏನೂ ಕಾಣಲಿಲ್ಲ.

ಹಾಕಿದ ದುಡ್ಡು ವಾಪಸಾದದ್ದು ಕೇಬಲ್ ಕೆಲಸದಿಂದ. ಸಮುದ್ರದ ಗಾಳಿಯಂತ್ರಗಳಿಗೆ ಕೇಬಲ್ ಹೂಳುವವರಿಗೆ ಮೊರೇನ್ ಎಂದರೆ ಬಂಡೆಗಲ್ಲು, ಬಂಡೆಗಲ್ಲು ಎಂದರೆ ಮುರಿದ ನೇಗಿಲು. ಇದೇ ವಿಧಾನದಲ್ಲಿ ಒಂದು ಮಾರ್ಗ ನೋಡಿಕೊಟ್ಟೆ, ಎರಡು ಸಾವಿರ ಯೂರೋ ಚಿಲ್ಲರೆ ಬಂತು. ಸಂಶೋಧನೆಗೆಂದು ನೆರವು ಕೇಳಿದ್ದ ಕಡೆಯಿಂದ ಇನ್ನೂ ಉತ್ತರವೇ ಇಲ್ಲ.

ಗೆಳೆಯ ನಲವತ್ತನ್ನೂ ಒಂದೊಂದಾಗಿ ನೋಡಿ ಒಪ್ಪಿದ. ಕೊಲ್ಲಿಯ ದಕ್ಷಿಣದ ಬ್ಲಾಕಿನಲ್ಲಿ ಇನ್ನೂ ಚಂದದ, ಇನ್ನೂ ಎತ್ತರದ ಹತ್ತು-ಹನ್ನೆರಡು ಏಣುಗಳಿವೆ. ಅಲ್ಲಿ ಅಡ್ಡಗೆರೆ ಒಂದೂ ಇಲ್ಲ, ಹಾಗಾಗಿ ಅವನ್ನು ನಕ್ಷೆಗೆ ಹಾಕಿಲ್ಲ. ಆ ದಾರಿಯಾಗಿ ಯಾವುದಾದರೂ ಬೋಟು ಸೋನಾರ್ ಬಂದ್ ಮಾಡದೆ ಅಡ್ಡ ಹಾದುಹೋದರೆ ಫೈಲು ಇಳಿಸಿಕೊಳ್ಳಲು ಡಿಸ್ಕಿನಲ್ಲಿ ಜಾಗ ಬಿಟ್ಟಿದ್ದೇನೆ.